ಅವರೆಕಾಳು ಹಿಡಿದು ಬೀಜದ ಪಾಠ: ದೃಷ್ಟಿದೋಷವುಳ್ಳ ಮಕ್ಕಳಿಗೆ ಬೆರಳಿನಿಂದ ಕಲಿಸುವ ಕ್ರಮ

‘ಎಲ್ಲವನ್ನೂ ಮುಟ್ಟಿಸಿದೆ, ಆದರೂ ತಲೆಗೆ ಹತ್ತಲಿಲ್ಲ.’ ಸಾಮಾನ್ಯ ಪ್ರಾಥಮಿಕ ಶಾಲೆಯಲ್ಲಿ ಕಣ್ಣು ಕಾಣದ ಒಂದು ಮಗುವನ್ನೂ ಸೇರಿಸಿಕೊಂಡು ಪಾಠ ಮಾಡುವ ಶಿಕ್ಷಕರಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಹೋಗಿ ನೋಡಿದರೆ ಸಾಮಗ್ರಿಗೆ ಬರವಿರುವುದಿಲ್ಲ. ಎಲೆ, ಬೇರು, ಹೂವು, ಪ್ಲಾಸ್ಟಿಕ್ ಮಾದರಿ ಎಲ್ಲವೂ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಶಿಕ್ಷಕರು ಮಗುವಿನ ಮಣಿಕಟ್ಟು ಹಿಡಿದು ಒಂದೊಂದರ ಮೇಲೂ ಎರಡು ಕ್ಷಣ ಕೈ ಇಡಿಸುತ್ತಾರೆ: ‘ಇದು ಬೇರು, ಇದು ಕಾಂಡ, ಇದು ಎಲೆ.’ ಮಗು ‘ಹೂಂ’ ಎನ್ನುತ್ತದೆ. ಮರುದಿನ ಕೇಳಿದರೆ ಹೆಸರುಗಳೆಲ್ಲ ಬಾಯಿಗೆ ಬರುತ್ತವೆ. ಒಂದು ಗಿಡ ಕಿತ್ತು ಕೈಗೆ ಕೊಟ್ಟರೆ ಬೇರು ಯಾವ ತುದಿಗಿದೆ ಎಂದು ತಡಕಾಡುತ್ತದೆ.

ಎಡವುವುದು ಕ್ರಮದಲ್ಲಿ. ಕಣ್ಣು ಒಂದೇ ನೋಟಕ್ಕೆ ಇಡೀ ಗಿಡವನ್ನು ಹಿಡಿದುಕೊಂಡು ಆಮೇಲೆ ಬಿಡಿ ಭಾಗಗಳಿಗೆ ಇಳಿಯುತ್ತದೆ. ಬೆರಳಿಗೆ ಆ ಸೌಕರ್ಯವಿಲ್ಲ. ಅದು ತುಸುತುಸುವಾಗಿ ತಡವಿ, ಸಿಕ್ಕಿದ್ದನ್ನು ನೆನಪಿನಲ್ಲಿ ಪೋಣಿಸಿ ಆಕಾರ ಕಟ್ಟಿಕೊಳ್ಳಬೇಕು. ನಾವು ಯಾವುದನ್ನು ಮೊದಲು ಕೊಟ್ಟೆವು, ಎಷ್ಟು ಹೊತ್ತು ಕೊಟ್ಟೆವು, ಕೈ ಯಾರ ಹಿಡಿತದಲ್ಲಿತ್ತು ಎಂಬುದರ ಮೇಲೆಯೇ ಮಗುವಿನ ತಲೆಯಲ್ಲಿ ಮೂಡುವ ಚಿತ್ರ ನಿಂತಿದೆ.

ಸಾಮಾನ್ಯ ಸೂಚನೆ ಕೊಟ್ಟು ಪ್ರಯೋಜನವಿಲ್ಲ ಎಂದು ಕಂಡುಕೊಂಡಿದ್ದೇನೆ. ಆದ್ದರಿಂದ ಇಲ್ಲಿ ಒಂದೇ ಪಾಠ ಹಿಡಿಯುತ್ತೇನೆ: ಬೀಜ ಮೊಳೆತು ಗಿಡವಾಗುವುದು. ಆರಿಸಿದ್ದು ಅವರೆಕಾಳು. ಹೆಸರುಕಾಳು ಬೇಗ ಮೊಳೆಯುತ್ತದೆ ನಿಜ, ಆದರೆ ಪುಟ್ಟ ಬೆರಳಿಗೂ ಅದು ತೀರಾ ಸಣ್ಣದು. ಅವರೆಕಾಳು ದಪ್ಪಗಿದೆ, ಅಂಚಿನಲ್ಲಿ ಕೈಗೆ ಸಿಗುವ ಬಿಳಿಯ ಉಬ್ಬುಗೆರೆ ಇದೆ, ಮೊಳೆತಾಗ ಬೇಳೆಗಳನ್ನು ಮಣ್ಣಿನ ಮೇಲಕ್ಕೆ ಎತ್ತಿಕೊಂಡು ಬರುತ್ತದೆ. ಈ ಒಂದು ಪಾಠ ಕೈಗೆ ಹತ್ತಿದರೆ ಉಳಿದ ಪಾಠಗಳಿಗೂ ಇದೇ ಜಾಡು ಸಾಕು.

ಹಂತ 1: ಮಗುವಿಗೆ ಎಷ್ಟು ಕಾಣುತ್ತದೆ ಎಂದು ತಿಳಿಯಿರಿ

ಪ್ರಮಾಣಪತ್ರದಲ್ಲಿ ‘ಶೇ 75’ ಎಂದು ಬರೆದಿರುವುದನ್ನು ನೋಡಿ ಪಾಠ ಯೋಜಿಸಬೇಡಿ. ಆ ಅಂಕಿ ಸೌಲಭ್ಯಕ್ಕೆ ಬೇಕು, ತರಗತಿಗೆ ಸಾಲದು. ಕೆಲವರಿಗೆ ಬೆಳಕು-ನೆರಳು ಗೊತ್ತಾಗುತ್ತದೆ, ಕೆಲವರಿಗೆ ನಡುವಿನದು ಕಾಣದೆ ಅಂಚಿನದು ಕಾಣುತ್ತದೆ, ಇನ್ನು ಕೆಲವರಿಗೆ ಮೂಗಿನ ಹತ್ತಿರ ಹಿಡಿದರೆ ಅಕ್ಷರವೂ ಕಾಣುತ್ತದೆ.

ಕಪ್ಪು ಬಟ್ಟೆಯ ಮೇಲೆ ಐದು ಬಿಳಿಯ ಅವರೆಕಾಳು ಹರಡಿ ‘ಎಷ್ಟಿವೆ?’ ಎಂದು ಕೇಳಿ. ಆಮೇಲೆ ಅದೇ ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಕೇಳಿ. ಎರಡಕ್ಕೂ ವ್ಯತ್ಯಾಸ ಬಂದರೆ ಮಗುವಿನಲ್ಲಿ ಬಳಸಿಕೊಳ್ಳಬಹುದಾದ ದೃಷ್ಟಿ ಉಳಿದಿದೆ ಎಂದರ್ಥ. ಅಂಥ ಮಗುವನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಬೆಳಕು ವಸ್ತುವಿನ ಮೇಲೆ ಬೀಳಲಿ, ಕಣ್ಣಿಗೆ ಹೊಡೆಯುವುದು ಬೇಡ. ಹೊಳೆಯುವ ಸ್ಟೀಲ್ ತಟ್ಟೆ ಬಿಡಿ.

ಮಗು ವಸ್ತುವನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿದರೆ ತಡೆಯಬೇಡಿ. ಹಾಗೆ ನೋಡಿದರೆ ಕಣ್ಣು ಹಾಳಾಗುತ್ತದೆ ಎಂಬುದು ಸುಳ್ಳು. ಈ ಒಂದು ಮಾತಿಗೆ ಬೈಸಿಕೊಂಡು ನೋಡುವುದನ್ನೇ ಬಿಟ್ಟ ಮಕ್ಕಳಿದ್ದಾರೆ.

ಮನೆಯವರಲ್ಲಿ ಇನ್ನೆರಡು ಸಂಗತಿ ಕೇಳಿ. ಹುಟ್ಟಿನಿಂದಲೇ ಕಾಣುತ್ತಿರಲಿಲ್ಲವೇ, ಆಮೇಲೆ ಹೋಯಿತೇ? ಅಂಟು, ಒದ್ದೆ, ಒರಟು ಇವುಗಳಲ್ಲಿ ಯಾವುದನ್ನು ಮುಟ್ಟಲು ಹಿಂಜರಿಯುತ್ತದೆ? ಎರಡನೆಯದರ ಉತ್ತರ ಮುಂದೆ ನಿಮ್ಮನ್ನು ಉಳಿಸುತ್ತದೆ.

ಹಂತ 2: ಸಾಮಗ್ರಿ ಹೊಂದಿಸಿಕೊಳ್ಳಿ

ಅಂಚು ಎದ್ದಿರುವ ಎರಡು ತಟ್ಟೆಗಳು ಬೇಕು. ಮೊರ ಬೇಡ, ಅದರ ಒಂದು ಬದಿ ತೆರೆದಿರುವುದರಿಂದ ಕಾಳು ಜಾರಿ ಹೋಗುತ್ತದೆ. ತಟ್ಟೆ ಅಲುಗದಂತೆ ಕೆಳಗೆ ಹಾಸಲು ಸೈಕಲ್ ಟ್ಯೂಬಿನ ತುಂಡು ಅಥವಾ ಹಿಂಡಿದ ಒದ್ದೆ ಬಟ್ಟೆ. ಹನ್ನೆರಡು ಕಾಗದದ ಲೋಟ, ತಳಕ್ಕೆ ಒಂದೊಂದು ತೂತು. ತೆಂಗಿನ ನಾರಿನ ಪುಡಿ ಅಥವಾ ಜರಡಿ ಹಿಡಿದ ಮರಳು. ಜೇಡಿ ಮಣ್ಣಿನಲ್ಲಿ ಬಿತ್ತಿದರೆ ಕೀಳುವಾಗ ಬೇರು ಹರಿಯುತ್ತದೆ. ರಬ್ಬರ್ ಬ್ಯಾಂಡ್, ಸೆಣಬಿನ ಹುರಿ, ಉಣ್ಣೆಯ ದಾರ, ದಪ್ಪ ಡ್ರಾಯಿಂಗ್ ಹಾಳೆ, ಅಂಟು, ಕತ್ತರಿ. ಬಟ್ಟೆಯ ಮೇಲೆ ಗುರುತು ಹಾಕಲು ದರ್ಜಿಗಳು ಉರುಳಿಸುವ ಹಲ್ಲಿನ ಚಕ್ರ ಸಿಕ್ಕರೆ ತನ್ನಿ, ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಇರುತ್ತದೆ.

ಬ್ರೈಲ್ (ಬೆರಳಿನಿಂದ ಓದುವ ಉಬ್ಬುಚುಕ್ಕಿಯ ಲಿಪಿ) ಬರೆಯುವ ಸ್ಲೇಟು, ಚುಕ್ಕಿ ಚುಚ್ಚುವ ಸ್ಟೈಲಸ್ ಇಲ್ಲದಿದ್ದರೆ ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರನ್ನು, ಕೇಳಿ. ಶೇ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಮನವಿಯಲ್ಲಿ ಆ ಸೆಕ್ಷನ್ ನಮೂದಿಸಿ, ಕೆಲಸ ಸಲೀಸಾಗುತ್ತದೆ.

ಕಾಳಿನ ಬಗ್ಗೆ ಒಂದು ಎಚ್ಚರಿಕೆ. ಅಡುಗೆಗೆ ತಂದ ಕಾಳನ್ನೇ ಬಳಸಿ. ಗೊಬ್ಬರದಂಗಡಿಯ ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದರ ಗುಲಾಬಿ ಬಣ್ಣವೇ ನಮಗೆ ಅಪಾಯದ ಗುರುತು, ಈ ಮಗುವಿಗೆ ಆ ಗುರುತು ಕಾಣುವುದಿಲ್ಲ. ಅವರೆಯೂ ಕಡಲೆಕಾಯಿಯಂತೆ ದ್ವಿದಳ ಜಾತಿಯದೇ, ಆದ್ದರಿಂದ ಕಡಲೆಕಾಯಿ ಮೈಗೆ ಆಗದ (ಅಲರ್ಜಿಯ) ಮಕ್ಕಳಿದ್ದಾರೆಯೇ ಎಂದೂ ವಿಚಾರಿಸಿ. ಬೇಯಿಸದ ಕಾಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳಬಾರದು ಎಂದು ತರಗತಿಗೆಲ್ಲ ಮೊದಲೇ ಹೇಳಿ.

ಹಂತ 3: ಹತ್ತು ದಿನ ಮೊದಲೇ ಬಿತ್ತನೆ ಶುರುಮಾಡಿ

ಅರ್ಧಕ್ಕರ್ಧ ಪಾಠ ಕೆಡುವುದು ಇಲ್ಲಿ. ಕಣ್ಣಿರುವ ಮಕ್ಕಳು ದಿನವೂ ಲೋಟದೊಳಗೆ ಇಣುಕಿ ‘ಇವತ್ತು ಇಷ್ಟು ಬಂದಿದೆ’ ಎಂದು ನೋಡುತ್ತಾರೆ. ಬೆರಳಿನಿಂದ ದಿನವೂ ತಡವಿದರೆ ಮೊಳಕೆ ಮುರಿಯುತ್ತದೆ. ಮುರಿಯುತ್ತದೆಂದು ಮುಟ್ಟಗೊಡದಿದ್ದರೆ ಪಾಠವೇ ಇಲ್ಲ. ಉಪಾಯ ಸುಲಭ: ಬೇರೆ ಬೇರೆ ದಿನ ಬಿತ್ತಿ, ಪಾಠದ ದಿನ ಎಲ್ಲ ವಯಸ್ಸಿನ ಸಸಿಗಳೂ ಒಟ್ಟಿಗೆ ಸಿಗುವಂತೆ ಮಾಡಿ. ಪ್ರತಿ ವಯಸ್ಸಿನದೂ ಮೂರಿರಲಿ. ಒಂದು ಮುರಿಯುತ್ತದೆ, ಒಂದು ಮೊಳೆಯುವುದೇ ಇಲ್ಲ, ಒಂದು ಉಳಿಯುತ್ತದೆ.

ಪಾಠಕ್ಕೆ 10 ದಿನ ಮೊದಲು ಮೂರು ಲೋಟ, 7 ದಿನ ಮೊದಲು ಮೂರು, 5 ದಿನ ಮೊದಲು ಮೂರು. ಬಿತ್ತುವ ಹಿಂದಿನ ರಾತ್ರಿ ಕಾಳು ನೆನೆಸಿಡಿ. 3 ದಿನ ಮೊದಲು ಹತ್ತು ಕಾಳು ನೆನೆಹಾಕಿ ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಪಾಠದ ಹಿಂದಿನ ರಾತ್ರಿ ಒಂದು ಹಿಡಿ ನೆನೆಹಾಕಿ. ಒಣಕಾಳು ಹೇಗೂ ಇದೆ. ಚಳಿಗಾಲವಾದರೆ ಎಲ್ಲದಕ್ಕೂ ಎರಡು ದಿನ ಮುಂಚೆ ಶುರುಮಾಡಿ. ಉಳಿದ ಮೂರು ಲೋಟ ಮುಂದೆ 11ನೇ ಹಂತದಲ್ಲಿ ಬೇಕಾಗುತ್ತವೆ.

ಬಿತ್ತುವವರು ಮಗುವೇ ಆಗಬೇಕು. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಊರಿ ಕುಳಿ ಮಾಡಲಿ, ಕಾಳು ಇಡಲಿ, ಮುಚ್ಚಲಿ. ಇಲ್ಲದಿದ್ದರೆ ಪಾಠದ ದಿನ ಸಸಿಗಳು ಆಕಾಶದಿಂದ ಉದುರಿದಂತಾಗುತ್ತದೆ. ಮೊದಲು ಬಿತ್ತಿದ ಲೋಟಗಳಿಗೆ ಮೂರು ರಬ್ಬರ್ ಬ್ಯಾಂಡ್, ನಡುವಿನವಕ್ಕೆ ಎರಡು, ಕೊನೆಯವಕ್ಕೆ ಒಂದು ಹಾಕಿಸಿ. ಬ್ಯಾಂಡ್ ಹೆಚ್ಚಿದ್ದಷ್ಟೂ ಸಸಿಗೆ ವಯಸ್ಸು ಹೆಚ್ಚು. ಬ್ರೈಲ್ ಇನ್ನೂ ಬಾರದ ಒಂದನೇ ತರಗತಿಯ ಮಗುವೂ ಇದನ್ನು ಓದುತ್ತದೆ.

ಹಂತ 4: ಜಾಗ ಸಿದ್ಧಮಾಡಿ

ಮೇಜು ಮಗುವಿನ ಮೊಣಕೈ ಎತ್ತರಕ್ಕಿರಲಿ. ಎತ್ತರವಾದರೆ ತೋಳು ಬೇಗ ಸೋಲುತ್ತದೆ. ನೆಲದ ಮೇಲೆ ಕಾಲು ಚಾಚಿ, ತಟ್ಟೆಯನ್ನು ತೊಡೆಯ ನಡುವೆ ಇಟ್ಟುಕೊಂಡರೂ ಚೆನ್ನ. ಎಡ ತಟ್ಟೆ ‘ಇನ್ನೂ ಮುಟ್ಟದ್ದು’, ಬಲ ತಟ್ಟೆ ‘ಮುಟ್ಟಿ ಮುಗಿದದ್ದು’ ಎಂದು ಗೊತ್ತುಮಾಡಿ, ಪಾಠ ಮುಗಿಯುವವರೆಗೆ ಅದನ್ನು ಬದಲಿಸಬೇಡಿ. ‘ಅಲ್ಲಿದೆ’, ‘ಇಲ್ಲಿದೆ’ ಎಂಬ ಮಾತು ಬಿಡಿ. ‘ನಿನ್ನ ಎಡಗೈ ಹತ್ತಿರ’, ‘ನಿನ್ನ ಹೊಟ್ಟೆಯ ಕಡೆ’ ಎನ್ನಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ದಿಕ್ಕು ಹೇಳಬೇಕೆಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಗಡಿಯಾರವನ್ನೇ ಮುಟ್ಟಿರದ ಎಂಟು ವರ್ಷದ ಮಗುವಿಗೆ ಅದು ಇನ್ನೊಂದು ಒಗಟು.

ಕೈ ತೊಳೆಸಿ, ಒರೆಸಿ. ಎಣ್ಣೆ ಸವರಿದ ಬೆರಳೂ ಚಳಿಗೆ ಮರಗಟ್ಟಿದ ಬೆರಳೂ ಮಂದ. ಬೆಳಗಿನ ಚಳಿಯಿದ್ದರೆ ಅಂಗೈ ಉಜ್ಜಿ ಬಿಸಿಮಾಡಿಕೊಳ್ಳಲಿ.

ಹಂತ 5: ನಿಮ್ಮ ಕೈ ಕೆಳಗೆ, ಮಗುವಿನ ಕೈ ಮೇಲೆ

ಮಗುವಿಗೆ ಕೈಯೇ ಕಣ್ಣು ಎಂದು ಭಾಷಣದಲ್ಲಿ ಹೇಳುತ್ತೇವೆ. ಹಾಗಿದ್ದರೆ ಮಣಿಕಟ್ಟು ಹಿಡಿದು ಎಳೆಯುವುದೆಂದರೆ ತಲೆಯ ಹಿಂದೆ ಕೈಹಾಕಿ ಕತ್ತು ತಿರುಗಿಸಿದಂತೆಯೇ ಅಲ್ಲವೇ? ಮುಂದೆ ಏನು ತಗುಲುತ್ತದೋ ತಿಳಿಯದ ಮಗು ಬೆರಳು ಮಡಚಿಕೊಳ್ಳುತ್ತದೆ. ನಾವು ಇನ್ನಷ್ಟು ಬಿಡಿಸಲು ನೋಡುತ್ತೇವೆ. ಎರಡು ಸಲ ಹೀಗಾದರೆ ಮೂರನೆಯ ಸಲ ಕೈ ಬೆನ್ನ ಹಿಂದೆ ಹೋಗುತ್ತದೆ.

ಸರಿಯಾದ ವಿಧಾನ ಹೀಗೆ. ಮಗುವಿನ ಪಕ್ಕದಲ್ಲಿ ಅಥವಾ ಹಿಂದೆ, ಅದೇ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳಿ. ಎದುರು ಕುಳಿತರೆ ನಿಮ್ಮ ಎಡ-ಬಲ ತಿರುವುಮುರುವಾಗುತ್ತದೆ. ವಸ್ತುವನ್ನು ನೀವು ಹಿಡಿಯಿರಿ. ‘ನನ್ನ ಕೈ ಮೇಲೆ ಕೈ ಇಡು’ ಎಂದು ಹೇಳಿ ಕಾಯಿರಿ. ಮಗುವಿನ ಅಂಗೈ ನಿಮ್ಮ ಕೈಬೆನ್ನಿನ ಮೇಲೆ ಬಂದ ಮೇಲೆ ನಿಮ್ಮ ಬೆರಳನ್ನು ವಸ್ತುವಿನ ಮೇಲೆ ಆಡಿಸಿ. ನಿಮ್ಮ ಕೈಗೆ ಏನೂ ಆಗಲಿಲ್ಲ ಎಂದು ಮಗುವಿಗೆ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಅದರ ಬೆರಳ ತುದಿ ನಿಮ್ಮ ಬೆರಳಿನಾಚೆ ಇಳಿದು ವಸ್ತುವನ್ನು ತಾಗುತ್ತದೆ. ಆಗ ನಿಮ್ಮ ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಳ್ಳಿ. ಬೇಡವೆನಿಸಿದಾಗ ಕೈ ಎತ್ತಿಕೊಳ್ಳುವ ಸ್ವಾತಂತ್ರ್ಯ ಕೊನೆಯವರೆಗೂ ಮಗುವಿನದೇ.

ಎರಡೂ ಕೈ ಬಳಸುವುದನ್ನು ರೂಢಿಮಾಡಿಸಿ. ಒಂದು ಕೈ ಹಿಡಿದು ನಿಲ್ಲಿಸಿಕೊಂಡಿರುತ್ತದೆ, ಇನ್ನೊಂದು ಅಲೆಯುತ್ತದೆ. ಗಮನಿಸಿದರೆ ಬೆರಳಿನ ಓಡಾಟಕ್ಕೂ ಒಂದೊಂದು ಉದ್ದೇಶವಿದೆ. ಒರಟೋ ನುಣುಪೋ ತಿಳಿಯಲು ಪಕ್ಕಕ್ಕೆ ಸವರಬೇಕು, ಮೆತ್ತಗಿದೆಯೇ ಎಂದರೆ ಅದುಮಬೇಕು, ಭಾರಕ್ಕೆ ಅಂಗೈಯಲ್ಲಿ ಎತ್ತಿ ಹಿಡಿಯಬೇಕು, ಆಕಾರಕ್ಕೆ ಮುಷ್ಟಿಯಲ್ಲಿ ತುಂಬಿಕೊಂಡು ಆಮೇಲೆ ಅಂಚು ಹಿಡಿದು ಸಾಗಬೇಕು. ‘ಮುಟ್ಟು’ ಎಂದಷ್ಟೇ ಹೇಳಿದರೆ ಮಗು ತಟ್ಟಿ ಬಿಡುತ್ತದೆ. ‘ಅದುಮು’, ‘ಸವರು’, ‘ಅಂಚು ಹಿಡಿದು ಹೋಗು’ ಎಂದು ಕ್ರಿಯೆಯ ಹೆಸರು ಹೇಳಿ.

ಹಂತ 6: ಮೊದಲು ಇಡೀ ಗಿಡ

ಪಠ್ಯಪುಸ್ತಕ ಬೀಜದಿಂದ ಆರಂಭಿಸಿ ಗಿಡದಲ್ಲಿ ಮುಗಿಸುತ್ತದೆ. ನೀವು ಗಿಡದಿಂದ ಆರಂಭಿಸಿ. ಕೊನೆಗೆ ಏನಾಗಲಿದೆ ಎಂದು ಗೊತ್ತಿಲ್ಲದಿದ್ದರೆ ಮೊಳಕೆ ಎಂಬುದು ಮಗುವಿನ ಪಾಲಿಗೆ ಒದ್ದೆಯಾದ ಒಂದು ಎಳೆ, ಅಷ್ಟೇ. ಕುರುಡರು ಆನೆ ಮುಟ್ಟಿದ ಕತೆಯನ್ನು ಎಲ್ಲರೂ ಹೇಳಿ ನಗುತ್ತಾರೆ. ಅವರಿಗೆ ಆನೆಯ ಸುತ್ತ ಒಂದು ಸುತ್ತು ಬರಲು ಯಾರಾದರೂ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ.

ಶಾಲೆಯ ಕೈತೋಟದಲ್ಲಿಯೋ ಯಾರದಾದರೂ ಹಿತ್ತಿಲಿನಲ್ಲಿಯೋ ನೆಲದಲ್ಲಿ ನಿಂತ ಅವರೆ ಗಿಡದ ಹತ್ತಿರ ಕರೆದುಕೊಂಡು ಹೋಗಿ. ಮಗು ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಅಂಗೈಯನ್ನು ಮಣ್ಣಿನ ಮೇಲಿಡಲಿ. ಅಲ್ಲಿಂದ ಕಾಂಡ ಹಿಡಿದು ಮೇಲಕ್ಕೆ ಬರಲಿ, ಗೆಣ್ಣು ಸಿಕ್ಕಲ್ಲಿ ನಿಲ್ಲಲಿ, ಮೂರು ಎಲೆಗಳ ಗೊಂಚಲನ್ನು ಎಣಿಸಲಿ, ತುದಿ ತಲುಪಲಿ, ಮತ್ತೆ ಮಣ್ಣಿಗಿಳಿಯಲಿ. ಕಾಯಿದ್ದರೆ ಒಂದನ್ನು ಕಿತ್ತು ಬಿಡಿಸಲಿ. ಸೊಗಡಿನ ಅವರೆಯಾದರೆ ಬೆರಳಿಗೆ ಅಂಟುವ ಜಿಡ್ಡು, ಆ ವಾಸನೆ ಎಲ್ಲವೂ ಪಾಠವೇ.

ಆಮೇಲೆ ಒಂದು ಗಿಡವನ್ನು ಬೇರುಸಹಿತ ಕಿತ್ತು ತೊಳೆಯಿರಿ. ಕೀಳುವಾಗ ಮಗುವಿನ ಕೈಯೂ ಇರಲಿ. ಮಣ್ಣು ಬೇರನ್ನು ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ ಎಂಬುದು ಎಳೆದರೆ ಮಾತ್ರ ತಿಳಿಯುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಕಿತ್ತ ಗಿಡವನ್ನು ಮೇಜಿನ ಮೇಲೆ ಮಲಗಿಸುತ್ತೇವೆ. ನಮಗೆ ಅದು ‘ಮಲಗಿದ ಗಿಡ’. ಮಗುವಿಗೆ ‘ಮೇಲೆ-ಕೆಳಗೆ’ ಹೋಗಿ ‘ಎಡ-ಬಲ’ ಬಂದುಬಿಡುತ್ತದೆ. ಮೊದಲು ನಿಲ್ಲಿಸಿಯೇ ಹಿಡಿಯಿರಿ, ಬೇರು ನೆಲದ ಕಡೆಗೆ. ಆಮೇಲೆ ‘ಈಗ ಗಿಡವನ್ನು ಮಲಗಿಸುತ್ತೇನೆ, ಬೇರು ನಿನ್ನ ಹೊಟ್ಟೆಯ ಕಡೆ ಬರುತ್ತದೆ’ ಎಂದು ಹೇಳಿ, ಮಗುವಿನ ಕೈ ಗಿಡದ ಮೇಲಿರುವಾಗಲೇ ಮಲಗಿಸಿ.

ಹಂತ 7: ಕಾಳು ಹಿಸುಕುವುದು

ಹಳೆ ಮೈಸೂರು ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಅವರೆಕಾಲದಲ್ಲಿ ಹಿತಕಿದ ಬೇಳೆಗಾಗಿ ಮನೆಮಂದಿಯೆಲ್ಲ ಬೋಗುಣಿಯ ಸುತ್ತ ಕುಳಿತಾಗ ಇವರೂ ಕುಳಿತಿರುತ್ತಾರೆ. ನಾನು ಕಂಡ ಮೂರನೇ ತರಗತಿಯ ಹುಡುಗಿಯೊಬ್ಬಳು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ನೆನೆದ ಕಾಳು ಕೈಗೆ ಬಂದದ್ದೇ ತಡ, ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಒತ್ತಿದಳು. ಬೇಳೆ ಚಿಮ್ಮಿ ಪಕ್ಕದ ಹುಡುಗನ ಕೆನ್ನೆಗೆ ಬಡಿಯಿತು. ‘ಅಜ್ಜಿ ಹೇಳುತ್ತಾರೆ, ಇನ್ನೊಂದು ಕೈ ಅಡ್ಡ ಇಡಬೇಕು’ ಎಂದಳು. ಅವತ್ತಿನ ಪಾಠವನ್ನು ಅಲ್ಲಿಂದ ಮುಂದೆ ಅವಳೇ ನಡೆಸಿದಳು.

ಕ್ರಮ ಹೀಗಿರಲಿ. ಮೊದಲು ಒಣಕಾಳು ಒಂದು ಕೈಗೆ, ನೆನೆದದ್ದು ಇನ್ನೊಂದಕ್ಕೆ. ಯಾವುದು ದಪ್ಪ, ಯಾವುದು ಭಾರ, ಯಾವುದರ ಸಿಪ್ಪೆ ಜಾರುತ್ತದೆ? ಉತ್ತರ ಬರುವವರೆಗೆ ಸುಮ್ಮನಿರಿ. ಎರಡನೆಯದಾಗಿ ಅಂಚಿನ ಉಬ್ಬುಗೆರೆ: ಕಾಳು ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಮೂರನೆಯದಾಗಿ ಹಿಸುಕಿ ಸಿಪ್ಪೆ ತೆಗೆಯುವುದು. ನಾಲ್ಕನೆಯದಾಗಿ ಬೇಳೆಯನ್ನು ಎರಡು ಹೋಳು ಮಾಡುವುದು. ಹೋಳೊಂದರ ಒಳಮೈಯಲ್ಲಿ, ಅಂಚಿಗೆ ಹತ್ತಿಕೊಂಡು, ಅಕ್ಕಿ ನುಚ್ಚಿನಷ್ಟು ಚೂಪಾದ ಮೊನೆ ಇರುತ್ತದೆ. ಗಿಡವಾಗುವುದು ಅದೇ. ಉಗುರು ತಾಗಿಸದೆ ಬೆರಳ ತುದಿಯಿಂದ ಸವರಿ ಹುಡುಕಲಿ. ಸಿಗದಿದ್ದರೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಕೊಡಿ, ಅದರಲ್ಲಿ ಮೊನೆ ಉದ್ದವಾಗಿರುತ್ತದೆ. ‘ಸಿಕ್ಕಿತಾ? ಸಿಕ್ಕಿತಾ?’ ಎಂದು ಪೀಡಿಸಿದರೆ ಮಗು ಸುಳ್ಳೇ ‘ಸಿಕ್ಕಿತು’ ಎನ್ನುತ್ತದೆ.

ಹಂತ 8: ವಯಸ್ಸಿನ ಸಾಲು

ಈಗ ಎಲ್ಲವನ್ನೂ ಎಡದಿಂದ ಬಲಕ್ಕೆ ಜೋಡಿಸಿ: ಒಣಕಾಳು, ನೆನೆದ ಕಾಳು, ಬಟ್ಟೆಯ ಮೊಳಕೆ, ಒಂದು ಬ್ಯಾಂಡಿನ ಲೋಟ, ಎರಡರದು, ಮೂರರದು. ಆರು ನಿಲ್ದಾಣ. ನಡುವೆ ಒಂದು ಗೇಣು ಅಂತರ. ಒತ್ತೊತ್ತಾಗಿಟ್ಟರೆ ಒಂದರ ಎಲೆ ಇನ್ನೊಂದರದೆನಿಸುತ್ತದೆ.

ಪ್ರತಿ ವಯಸ್ಸಿನ ಒಂದು ಸಸಿಯನ್ನು ಲೋಟದಿಂದ ಬಿಡಿಸಿ ಪುಡಿ ಉದುರಿಸಿ ಕೊಡಿ, ಇನ್ನೊಂದು ಲೋಟದಲ್ಲೇ ಇರಲಿ. ಬೇರು ಕೆಳಗಿಳಿದದ್ದು, ಬೇಳೆಗಳೆರಡು ಕಾಂಡದ ಮೇಲೆ ಏರಿ ಕುಳಿತದ್ದು, ದೊಡ್ಡ ಸಸಿಯಲ್ಲಿ ಅದೇ ಬೇಳೆ ಸುಕ್ಕುಗಟ್ಟಿದ್ದು, ಇವು ಮೂರನ್ನು ಮಗುವೇ ಕಂಡುಹಿಡಿಯಬೇಕು. ‘ಬೇಳೆ ಯಾಕೆ ಸೊರಗಿತು?’ ಎಂಬ ಒಂದು ಪ್ರಶ್ನೆ ಸಾಕು. ಊಟ ಖಾಲಿಯಾಯಿತು ಎಂಬ ಉತ್ತರಕ್ಕೆ ಬರಲು ಎಷ್ಟು ಹೊತ್ತಾದರೂ ಬರಲಿ.

40 ನಿಮಿಷದ ಒಂದು ಪೀರಿಯಡ್‌ನಲ್ಲಿ ಇದು ಮುಗಿಯುವುದಿಲ್ಲ. 6ನೇ ಹಂತ ಒಂದು ದಿನ, 7 ಮತ್ತು 8 ಇನ್ನೊಂದು ದಿನ.

ಹಂತ 9: ಮಾತು ಎಷ್ಟು, ಯಾವಾಗ

ಬೆರಳು ಓದುತ್ತಿರುವಾಗ ಬಾಯಿ ಮುಚ್ಚಿಕೊಂಡಿರಿ. ಶಿಕ್ಷಕರಿಗೆ ಇದು ಕಷ್ಟ, ನನಗೂ ಕಷ್ಟ. ಹೆಸರು ಹೇಳಬೇಕಾದದ್ದು ಮುಟ್ಟಿ ಮುಗಿದ ಮೇಲೆ. ಮೊದಲೇ ‘ಇದು ಬೀಜದಳ’ ಎಂದರೆ ಮಗು ಪದ ಹಿಡಿದು ವಸ್ತು ಬಿಡುತ್ತದೆ.

‘ನೋಡು’ ಎನ್ನಲು ಅಂಜಬೇಡಿ. ನಮ್ಮ ಭಾಷೆಯಲ್ಲಿ ರುಚಿಯನ್ನೂ ನೋಡುತ್ತೇವೆ, ಮೂಸಿಯೂ ನೋಡುತ್ತೇವೆ, ಮುಟ್ಟಿಯೂ ನೋಡುತ್ತೇವೆ. ಬಣ್ಣವನ್ನೂ ಹೇಳಿ. ‘ಬೇರು ಬೆಳ್ಳಗಿದೆ, ಎಲೆ ಹಸಿರು’ ಎಂಬುದು ತರಗತಿಯ ಎಲ್ಲರಿಗೂ ಸೇರಿದ ಮಾಹಿತಿ. ಹೋಲಿಕೆ ಕೊಡುವಾಗ ಮಾತ್ರ ಮಗು ಮುಟ್ಟಿದ ವಸ್ತುವನ್ನೇ ಆರಿಸಿ. ‘ಆನೆಯ ಕಿವಿಯಂಥ ಕೆಸುವಿನೆಲೆ’ ಎಂದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದಕ್ಕೆ ಗಂಟುಹಾಕಿದಂತೆ.

ಹಂತ 10: ಉಬ್ಬು ಚಿತ್ರ, ಕೊನೆಯಲ್ಲಿ

ನಿಜ ವಸ್ತು, ಆಮೇಲೆ ಮಾದರಿ, ಆಮೇಲೆ ಚಿತ್ರ. ಇದು ತಿರುಗಿದರೆ ಚಿತ್ರ ಬರೀ ದಾರದ ಗೋಜಲು. ಎದ್ದು ನಿಂತ ಗಿಡ ಕಾಗದದ ಮೇಲೆ ಚಪ್ಪಟೆಯಾಗುತ್ತದೆ ಎಂಬುದು ಕಣ್ಣಿರುವವರ ಒಡಂಬಡಿಕೆ. ಮುಟ್ಟುವ ಮಗುವಿಗೆ ಅದನ್ನು ಕಲಿಸಬೇಕು. ಸಸಿಯನ್ನೇ ಹಾಳೆಯ ಮೇಲೆ ಮಲಗಿಸಿ, ಅದರ ಅಂಚಿಗೆ ಹುರಿ ಅಂಟಿಸುತ್ತಾ ಹೋಗಿ, ಕೊನೆಗೆ ಸಸಿ ಎತ್ತಿಬಿಡಿ. ಉಳಿದದ್ದು ಚಿತ್ರ. ಮಗುವಿನ ಬೆರಳ ಕೆಳಗೇ ಇದು ನಡೆಯಬೇಕು.

ಕಾಂಡಕ್ಕೆ ಸೆಣಬಿನ ಹುರಿ, ಬೇರಿಗೆ ಉಣ್ಣೆಯ ದಾರ, ಎಲೆಗೆ ಬಟ್ಟೆಯ ತುಂಡು, ಬೇಳೆಗೆ ನಿಜವಾದ ಒಣಬೇಳೆ. ಒಂದು ಚಿತ್ರದಲ್ಲಿ ನಾಲ್ಕಕ್ಕಿಂತ ಹೆಚ್ಚು ಬಗೆ ಬೇಡ. ಎರಡು ಗೆರೆಗಳ ನಡುವೆ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಜಾಗವಿದ್ದರೆ ಬೆರಳಿಗೆ ಎರಡೂ ಒಂದೇ ಆಗುತ್ತವೆ. ಎರಡು ಅಂಗೈ ಹರಡಿದರೆ ಮುಚ್ಚುವಷ್ಟು ಚಿತ್ರ ಸಾಕು. ಪುಸ್ತಕದ ಚಿತ್ರದಲ್ಲಿರುವ ಮೋಡ, ಚಿಟ್ಟೆ, ನಗುವ ಸೂರ್ಯ ಎಲ್ಲವನ್ನೂ ಕಿತ್ತುಹಾಕಿ.

ಹಲ್ಲಿನ ಚಕ್ರ ಬಳಸುವವರಿಗೆ ನನ್ನ ಪೆಟ್ಟಿನ ಪಾಠ. ರಬ್ಬರ್ ಹಾಳೆಯ ಮೇಲೆ ದಪ್ಪ ಕಾಗದವಿಟ್ಟು ಚಕ್ರ ಉರುಳಿಸಿದರೆ ಚುಕ್ಕಿಗಳು ಹಿಂಬದಿಯಲ್ಲಿ ಏಳುತ್ತವೆ. ಒಮ್ಮೆ ಕರ್ನಾಟಕದ ನಕಾಶೆಯನ್ನು ಇದರಲ್ಲಿ ಮಾಡಿ, ಹಾಳೆ ತಿರುಗಿಸಿ, ಹೆಮ್ಮೆಯಿಂದ ಹುಡುಗನ ಮುಂದಿಟ್ಟೆ. ಬೆರಳಾಡಿಸಿದವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಟೀಚರ್, ಮಂಗಳೂರು ಯಾವಾಗ ಬಲಗಡೆಗೆ ಬಂತು?’ ಅರಬ್ಬಿ ಸಮುದ್ರವನ್ನೇ ಪೂರ್ವಕ್ಕೆ ಕಳಿಸಿದ್ದೆ. ಸ್ಲೇಟಿನ ಮೇಲೆ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುವ ಆ ಹುಡುಗನಿಗೆ ನನ್ನ ತಪ್ಪು ಎಲ್ಲಾಗಿದೆ ಎಂದು ತಕ್ಷಣ ಗೊತ್ತಾಗಿತ್ತು. ಚಿತ್ರವನ್ನು ಮೊದಲು ಕಿಟಕಿಯ ಗಾಜಿಗೆ ಹಿಡಿದು ಹಿಂಬದಿಯಲ್ಲಿ ಗುರುತು ಮಾಡಿಕೊಳ್ಳಿ, ಆಮೇಲೆ ಅದರ ಮೇಲೆ ಚಕ್ರ ಉರುಳಿಸಿ.

ಮಗು ತಾನೇ ಚಿತ್ರ ಬರೆಯಬೇಕೆಂದರೆ ಹಲಗೆಗೆ ಸೊಳ್ಳೆ ಜಾಲರಿ ಬಿಗಿದು, ಮೇಲೆ ಕಾಗದವಿಟ್ಟು ಮೇಣದ ಬಣ್ಣದ ಕಡ್ಡಿ ಕೊಡಿ. ಒತ್ತಿ ಎಳೆದ ಗೆರೆ ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಜಾಲರಿಯ ಅಂಚಿನ ತಂತಿ ಚುಚ್ಚದಂತೆ ಟೇಪು ಸುತ್ತಿ.

ಹಂತ 11: ಅಳತೆ ಮತ್ತು ದಾಖಲೆ

ಉಳಿದ ಮೂರು ಲೋಟಗಳಲ್ಲಿ ಹೊಸದಾಗಿ ಬಿತ್ತಿಸಿ. ಸಸಿ ಮಣ್ಣು ಬಿಟ್ಟು ಮೇಲೆ ಬಂದ ದಿನದಿಂದ, ದಿನ ಬಿಟ್ಟು ದಿನ, ಮಗು ಅದರ ಪಕ್ಕ ದಾರ ಹಿಡಿದು ತುದಿಯ ಮಟ್ಟಕ್ಕೆ ಕತ್ತರಿಸಲಿ. ಆ ತುಂಡುಗಳನ್ನು ರಟ್ಟಿನ ಮೇಲೆ ಒಂದೇ ತಳರೇಖೆಯಿಂದ ಸಾಲಾಗಿ ನಿಲ್ಲಿಸಿ ಅಂಟಿಸಿದರೆ ಬೆಳವಣಿಗೆಯ ಸ್ತಂಭನಕ್ಷೆ ಸಿದ್ಧ. ಕೆಳಗೆ ದಿನದ ಸಂಖ್ಯೆಯನ್ನು ಬ್ರೈಲ್‌ನಲ್ಲಿ ಚುಚ್ಚಲಿ. ತರಗತಿಯ ಉಳಿದ ಮಕ್ಕಳೂ ಇದೇ ನಕ್ಷೆಯನ್ನು ಬಳಸಲಿ. ಬೇರೆ ಮಾಡುವ ಅಗತ್ಯವಿಲ್ಲ.

ಕಾರ್ಡುಗಳ ಮೂಲಕ ಹಂತಹಂತವಾಗಿ ಕಲಿಸುವ ನಲಿ-ಕಲಿ ತರಗತಿಯಾದರೆ ಕಾರ್ಡಿನ ಮೂಲೆಗೆ ಅದೇ ಸಾಮಗ್ರಿಯ ಚೂರು ಅಂಟಿಸಿ, ಬೀಜದ ಕಾರ್ಡಿಗೆ ಕಾಳು, ಎಲೆಯದಕ್ಕೆ ಬಟ್ಟೆ. ಕಲಿಕೆಯ ಹಂತಗಳನ್ನು ಸಾಲಾಗಿ ತೋರುವ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ಮಗು ಬೇರೆಯವರನ್ನು ಕೇಳದೆ ತಿಳಿಯಬೇಕು.

ಹಂತ 12: ಕಲಿತಿದೆಯೇ ಎಂದು ಪರೀಕ್ಷಿಸಿ

ಹೆಸರು ಕೇಳಬೇಡಿ, ಕೆಲಸ ಕೊಡಿ. ಆರು ನಿಲ್ದಾಣಗಳನ್ನು ಕಲಸಿ ಮತ್ತೆ ಜೋಡಿಸಲು ಹೇಳಿ. ಜೇಡಿಮಣ್ಣಿನಿಂದ ಮೂರು ದಿನದ ಮೊಳಕೆ ಮಾಡಲು ಹೇಳಿ. ಬೇರು ಕೆಳಗೆ, ಬೇಳೆ ಮೇಲೆ ಬಂದರೆ ಪಾಠ ಕೈ ಸೇರಿದೆ. ಕೊನೆಯದಾಗಿ ನೆನೆದ ಮೆಕ್ಕೆಜೋಳದ ಕಾಳು ಕೊಟ್ಟು ಎರಡು ಹೋಳು ಮಾಡಲು ಹೇಳಿ. ‘ಇದು ಬಿಡುವುದಿಲ್ಲ, ಇದರಲ್ಲಿ ಎರಡು ಬೇಳೆ ಇಲ್ಲ’ ಎಂದು ಮಗುವೇ ದೂರು ಕೊಟ್ಟರೆ ಅದಕ್ಕಿಂತ ಒಳ್ಳೆಯ ಉತ್ತರಪತ್ರಿಕೆ ಬೇಕಿಲ್ಲ.

ನಿಲ್ಲಿಸಬೇಕಾದ ಸೂಚನೆಗಳು

ಕೈ ಮುಷ್ಟಿಯಾಗುವುದು, ಬೆನ್ನ ಹಿಂದೆ ಹೋಗುವುದು, ಅಂಗೈಯನ್ನು ಪದೇಪದೇ ಬಟ್ಟೆಗೆ ಒರೆಸುವುದು: ವಸ್ತು ಒಗ್ಗುತ್ತಿಲ್ಲ. ಒದ್ದೆಯ ಬದಲು ಒಣಗಿದ್ದನ್ನು ಕೊಡಿ, ಚಮಚದಿಂದ ಮುಟ್ಟಲು ಬಿಡಿ, ನಾಳೆ ಮತ್ತೆ ನೋಡಿ.

ಎಲ್ಲಕ್ಕೂ ‘ಹೂಂ’ ಎನ್ನುವುದು: ಮಗು ನಿಮ್ಮನ್ನು ಸಮಾಧಾನಪಡಿಸುತ್ತಿದೆ. ಒಂದು ಸಲ ಬೇಕೆಂದೇ ತಪ್ಪು ಹೇಳಿ. ಕಲ್ಲು ಕೊಟ್ಟು ‘ಇದು ಕಾಳು’ ಎಂದಾಗಲೂ ‘ಹೂಂ’ ಬಂದರೆ 6ನೇ ಹಂತಕ್ಕೆ ಹಿಂದಿರುಗಿ.

ಕಣ್ಣುಗುಡ್ಡೆಯನ್ನು ಬೆರಳಿನಿಂದ ಒತ್ತಿಕೊಳ್ಳುವುದು, ಮೈ ತೂಗುವುದು: ಹೆಚ್ಚಿನ ಸಲ ಕೈಗೆ ಕೆಲಸವಿಲ್ಲದಾಗ ಶುರುವಾಗುತ್ತದೆ. ಗದರಬೇಡಿ, ಕೈಗೆ ಏನಾದರೂ ಕೊಡಿ.

ಕಣ್ಣು ಕೆಂಪಾಗುವುದು, ನೋವು, ನೀರು ಸುರಿಯುವುದು, ನಿನ್ನೆ ಕಂಡದ್ದು ಇಂದು ಕಾಣದಿರುವುದು: ಪಾಠ ಅಲ್ಲಿಗೆ ಬಿಟ್ಟು ಮನೆಯವರಿಗೆ ತಿಳಿಸಿ, ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಕಳಿಸಿ. ನಾಳೆಗೆ ಇಡಬೇಡಿ.

ಉತ್ಸಾಹಿ ಗೆಳೆಯರು: ಪಕ್ಕದ ಮಗು ಎಲ್ಲವನ್ನೂ ತಾನೇ ಹುಡುಕಿ ಕೈಗಿಡುತ್ತಿದ್ದರೆ ಜೋಡಿ ಬದಲಿಸಿ. ಅದಕ್ಕೂ ಒಂದು ಕೆಲಸ ಕೊಡಿ: ಬಟ್ಟೆ ಕಟ್ಟಿಕೊಂಡು ಅದೇ ಆರು ನಿಲ್ದಾಣವನ್ನು ಗುರುತಿಸುವುದು. ಇದನ್ನು ‘ಕುರುಡಾಟ’ ಎಂದು ನಗುವ ಆಟವಾಗಿಸಬೇಡಿ. ಬಟ್ಟೆ ಕಟ್ಟಿದವರಿಗೆ ದಾರಿ ಹೇಳಿಕೊಡುವ ಯಜಮಾನಿಕೆ ನಿಮ್ಮ ಕಣ್ಣು ಕಾಣದ ಮಗುವಿನದಾಗಲಿ.

ಪಾಠ ಮುಗಿದ ಮೇಲೆ ಉಳಿದ ಸಸಿಗಳಲ್ಲಿ ಒಂದನ್ನು ಮಗುವಿನ ಕೈಯಲ್ಲಿ ಮನೆಗೆ ಕಳಿಸಿ. ನೀರು ಬೇಕೇ ಬೇಡವೇ ಎಂದು ತಿಳಿಯಲು ಬೆರಳನ್ನು ಮೊದಲ ಗೆಣ್ಣಿನವರೆಗೆ ಊರಿ ನೋಡಬೇಕು, ತಂಪು ಹತ್ತಿದರೆ ಬೇಡ, ಒಣಗಿದ್ದರೆ ಅರ್ಧ ಲೋಟ. ಈ ಕೆಲಸ ಮಗುವಿನದು, ಸಸಿ ಬಾಡಿದರೂ ನೀವು ಕೈಹಾಕಬೇಡಿ ಎಂದು ತಾಯಿಗೆ ಒಂದು ಚೀಟಿ ಬರೆದು ಕಳಿಸಿ.